ನಲ್ಲಿ ಬಂತು, ನೀರು ಬರಲಿಲ್ಲ: ಸರ್ಕಾರಿ ಯೋಜನೆ ಊರಲ್ಲಿ ನಡೆಯುವ ಹಾಗೆ ಮಾಡುವುದು ಹೇಗೆ

ನಮ್ಮೂರಿನ ಕೊನೆಯ ಬೀದಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಅವರ ಮನೆ ಮುಂದೆ ಸಿಮೆಂಟಿನ ಪುಟ್ಟ ಕಂಬ, ಅದಕ್ಕೊಂದು ನಲ್ಲಿ. ಹಳ್ಳಿಯ ಮನೆ ಮನೆಗೆ ನಲ್ಲಿ ನೀರು ಕೊಡುವ ಕೇಂದ್ರದ ಯೋಜನೆ ಜಲ ಜೀವನ್ ಮಿಷನ್‌ನಲ್ಲಿ ಹಾಕಿದ್ದು. ಅಜ್ಜಿ ಅದಕ್ಕೆ ಮೇಕೆ ಕಟ್ಟುತ್ತಿದ್ದರು. ನಾನು ಆಗ ಪಂಚಾಯಿತಿ ಮೆಂಬರ್. ಏನಜ್ಜಿ ಇದು ಅಂತ ಕೇಳಿದ್ದಕ್ಕೆ, "ನೀರಂತೂ ಬರಲ್ಲ ಕಣಪ್ಪಾ, ಗೂಟಕ್ಕಾದ್ರೂ ಆಗ್ಲಿ ಬಿಡು" ಅಂದರು. ಲೆಕ್ಕದಲ್ಲಿ ಮಾತ್ರ ಆ ಮನೆ 'ಸಂಪರ್ಕ ಕೊಡಲಾಗಿದೆ' ಪಟ್ಟಿಯಲ್ಲಿತ್ತು. ಸುಳ್ಳೇನೂ ಅಲ್ಲ, ಸಂಪರ್ಕ ಕೊಟ್ಟಿದ್ದು ನಿಜ. ನೀರಿನ ವಿಷಯ ಆ ಪಟ್ಟಿಯಲ್ಲಿ ಯಾರೂ ಕೇಳಿರಲಿಲ್ಲ ಅಷ್ಟೇ.

ಆ ನಲ್ಲಿಯಲ್ಲಿ ನೀರು ತರಲು ನಮಗೆ ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು. ಆ ವರ್ಷದಲ್ಲಿ ಕಲಿತಿದ್ದನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆ ನೀರಿನದು, ಆದರೆ ಅಂಗನವಾಡಿ ಮೊಟ್ಟೆ ಇರಲಿ, ಕಸದ ಗಾಡಿ ಇರಲಿ, ದಾರಿ ಇದೇ. ಮೆಂಬರ್‌ಗಳು, ಪಿಡಿಒಗಳು (ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು), ಊರಿಗೆ ಏನಾದ್ರೂ ಮಾಡಬೇಕು ಅನ್ನುವ ಹುಡುಗರು ಓದಲಿ ಅಂತ ಬರೆದಿದ್ದು. ತಾಲ್ಲೂಕು ಅಧಿಕಾರಿಗಳಿಗೂ ಮಧ್ಯದಲ್ಲಿ ಒಂದು ಮಾತಿದೆ.

ಹೆಜ್ಜೆ 1: ಯೋಜನೆ ಏನು ಕೊಡುತ್ತೇನೆ ಅಂದಿದೆ, ಓದಿ

ಇದನ್ನು ಯಾರೂ ಮಾಡುವುದಿಲ್ಲ. ನಾನೂ ಮಾಡಿರಲಿಲ್ಲ. 2019ರ ಆಗಸ್ಟ್ 15ರಂದು ಈ ಯೋಜನೆ ಘೋಷಣೆ ಆದಾಗ ದೇಶದ ಹಳ್ಳಿ ಮನೆಗಳಲ್ಲಿ ಸುಮಾರು 17 ಪರ್ಸೆಂಟ್ ಮನೆಗೆ ಮಾತ್ರ ನಲ್ಲಿ ಇತ್ತು. 2024ಕ್ಕೆ ಎಲ್ಲ ಮನೆಗೂ ಅಂದರು, ಆಮೇಲೆ 2028ಕ್ಕೆ ಹೋಯಿತು. ನಮ್ಮ ರಾಜ್ಯದಲ್ಲಿ 'ಮನೆ ಮನೆಗೆ ಗಂಗೆ' ಅಂತ ಹೆಸರಿಟ್ಟರು. ಎಲ್ಲರ ಬಾಯಲ್ಲೂ ಇದ್ದಿದ್ದು ನಲ್ಲಿಯ ಲೆಕ್ಕ. ಮಾರ್ಗಸೂಚಿ ತೆಗೆದು ನೋಡಿದರೆ ಕೊಟ್ಟ ಮಾತು ಬೇರೆ ಇದೆ: ಒಬ್ಬರಿಗೆ ದಿನಕ್ಕೆ 55 ಲೀಟರ್, ಕುಡಿಯಲು ಯೋಗ್ಯವಾದ ನೀರು, ತಪ್ಪದೆ ಬರಬೇಕು.

ಐದು ಜನರ ಮನೆಗೆ 275 ಲೀಟರ್ ಆಯಿತು. ಈ ಒಂದು ನಂಬರ್ ಕೈಯಲ್ಲಿದ್ದರೆ ಜಗಳ ಮಾಡುವ ರೀತಿಯೇ ಬೇರೆ ಆಗುತ್ತದೆ. "ನೀರು ಸರಿಯಾಗಿ ಬರ್ತಿಲ್ಲ" ಅಂದರೆ ಯಾರಾದ್ರೂ "ಬರುತ್ತೆ ಬಿಡ್ರಿ" ಅನ್ನಬಹುದು. "275 ಬರಬೇಕು, 130 ಬರ್ತಿದೆ" ಅಂದರೆ ಏನನ್ನುತ್ತಾರೆ?

ಹೆಜ್ಜೆ 2: ಒಂದು ಕ್ಯಾನ್, ಒಂದು ಮೊಬೈಲ್

ಅಳೆಯಲು ಮೀಟರ್ ಬೇಕಿಲ್ಲ. ಶುದ್ಧ ನೀರಿನ ಘಟಕಕ್ಕೆ ಒಯ್ಯುವ 20 ಲೀಟರ್ ಕ್ಯಾನ್ ಎಲ್ಲರ ಮನೆಯಲ್ಲೂ ಇದೆ. ನಲ್ಲಿ ಕೆಳಗಿಟ್ಟು ಮೊಬೈಲಿನ ಸ್ಟಾಪ್‌ವಾಚ್ ಒತ್ತಿ. ಎರಡು ನಿಮಿಷಕ್ಕೆ ತುಂಬಿದರೆ ನಿಮಿಷಕ್ಕೆ 10 ಲೀಟರ್, ಅರ್ಧ ಗಂಟೆಯಲ್ಲಿ ಆ ಮನೆಗೆ ಆಗುವಷ್ಟು ನೀರು. ಒಂಬತ್ತು ನಿಮಿಷ ಹಿಡಿದರೆ 275 ಲೀಟರಿಗೆ ಎರಡು ಗಂಟೆ ಬೇಕು, ನಮ್ಮಲ್ಲಿ ಒಂದು ಬೀದಿಗೆ ನೀರು ಬಿಡುತ್ತಿದ್ದದ್ದೇ ಒಂದು ಗಂಟೆ.

ಎಲ್ಲ ಮನೆ ಅಳೆಯಬೇಡಿ. ಪ್ರತಿ ಬೀದಿಯಲ್ಲಿ ಮೊದಲ ಮನೆ, ಕೊನೆಯ ಮನೆ, ಎರಡೇ ಸಾಕು. ನಮ್ಮೂರಲ್ಲಿ ಟ್ಯಾಂಕಿನ ಪಕ್ಕದ ಮನೆಯಲ್ಲಿ ಕ್ಯಾನ್ ಒಂದೂವರೆ ನಿಮಿಷಕ್ಕೆ ತುಂಬಿತು. ಅಜ್ಜಿಯ ಬೀದಿಯಲ್ಲಿ, ಅವರಿಗಿಂತ ಮೂರು ಮನೆ ಮುಂಚೆ, ಒಂಬತ್ತು ನಿಮಿಷ. ಅಜ್ಜಿ ಮನೆಯಲ್ಲಿ ಬುಸ್ ಅಂತ ಗಾಳಿ ಬಂತು, ನಾಲ್ಕು ಹನಿ ತೊಟ್ಟಿಕ್ಕಿತು, ಅಷ್ಟೇ. ಮೇಕೆ ಅದನ್ನೇ ನೆಕ್ಕುತ್ತಾ ನಿಂತಿತ್ತು.

ಈಗ ಸಮಸ್ಯೆಯನ್ನು ಒಂದೇ ಸಾಲಿನಲ್ಲಿ ಬರೆಯಿರಿ. 'ಸಮಿತಿ ರಚನೆ ಆಗಿಲ್ಲ', 'ತರಬೇತಿಯ ಕೊರತೆ ಇದೆ', 'ಜನರಿಗೆ ಅರಿವಿಲ್ಲ' ಅಂತೆಲ್ಲ ಬರೆಯಬೇಡಿ. ಹಾಗೆ ಬರೆದರೆ ಪರಿಹಾರ ಮೊದಲೇ ತೀರ್ಮಾನ ಆಗಿಬಿಡುತ್ತದೆ: ಸಮಿತಿ ಮಾಡು, ತರಬೇತಿ ಕೊಡು, ಫೋಟೋ ಹಾಕು, ಮುಗೀತು. ನಾವು ಬರೆದಿದ್ದು ಇಷ್ಟು: 'ಕೊನೆ ಬೀದಿಯ 22 ಮನೆಗೆ ದಿನಕ್ಕೆ ಸುಮಾರು 130 ಲೀಟರ್ ಮಾತ್ರ ನೀರು ಬರುತ್ತಿದೆ, ಒಂದು ಮನೆಗೆ ಬರುತ್ತಲೇ ಇಲ್ಲ.'

ಹೆಜ್ಜೆ 3: ನೀರಗಂಟಿ ಜೊತೆ ಒಂದು ದಿನ ನಡೆಯಿರಿ

ಇಡೀ ಲೇಖನದಲ್ಲಿ ಒಂದೇ ಹೆಜ್ಜೆ ನೆನಪಿಟ್ಟುಕೊಳ್ಳುತ್ತೇನೆ ಅಂದರೆ ಇದನ್ನು ಇಟ್ಟುಕೊಳ್ಳಿ. ಯೋಜನೆ ದೆಹಲಿಯಿಂದ ಹೊರಟು ಬೆಂಗಳೂರು, ಜಿಲ್ಲೆ, ತಾಲ್ಲೂಕು ಎಲ್ಲ ದಾಟಿ ಕೊನೆಗೆ ಒಬ್ಬ ಮನುಷ್ಯನ ಕೈಗೆ ಬಂದು ನಿಲ್ಲುತ್ತದೆ. ನೀರಿಗೆ ವಾಲ್ವ್ ತಿರುಗಿಸಿ ನೀರು ಬಿಡುವ ನೀರಗಂಟಿ, ಪೌಷ್ಟಿಕ ಆಹಾರಕ್ಕೆ ಅಂಗನವಾಡಿ ಟೀಚರ್, ಪಡಿತರಕ್ಕೆ ನ್ಯಾಯಬೆಲೆ ಅಂಗಡಿಯವರು. ಆ ಮನುಷ್ಯನ ದಿನ ಹೇಗಿದೆ ಅಂತ ನೋಡದೆ ಮೇಲೆ ಕೂತು ಏನು ಪ್ಲಾನ್ ಮಾಡಿದರೂ ದಂಡ.

ನಮ್ಮ ನೀರಗಂಟಿ ಅಣ್ಣನಿಗೆ ನಮ್ಮೂರಿನ ಜೊತೆ ಇನ್ನೆರಡು ಹಳ್ಳಿ ಸೇರಿ ಮೂರು ಊರಿನ ಕೆಲಸ. ಬೆಳಿಗ್ಗೆ ಐದಕ್ಕೆ ನಾನು ಅವರ ಟಿವಿಎಸ್ ಹಿಂದೆ ಹತ್ತಿ ಕೂತೆ. ಮೊದಲು ಬೋರಿನ ಹತ್ತಿರ ಹೋದೆವು. ಬೋರು ಇರುವುದು ಊರಾಚೆ, ಹೊಲದ ಲೈನಿನಲ್ಲಿ. ಅಲ್ಲಿ ತ್ರೀ ಫೇಸ್ ಕರೆಂಟು ದಿನಕ್ಕೆ 7 ಗಂಟೆ, ಅದೂ ಒಂದು ವಾರ ಹಗಲು, ಒಂದು ವಾರ ರಾತ್ರಿ. ವಾರದ ಪಾಳಿ ಬದಲಾಗಿದ್ದು ಅಣ್ಣನಿಗೆ ಯಾರೂ ಹೇಳುವುದಿಲ್ಲ, ಪಕ್ಕದ ತೋಟದ ಮೋಟರ್ ಸದ್ದು ಕೇಳಿ ತಿಳಿದುಕೊಳ್ಳುತ್ತಾರೆ.

ಅಲ್ಲಿಂದ ಟ್ಯಾಂಕು. 50,000 ಲೀಟರಿನದು, ತುಂಬಲು ಆರು ಗಂಟೆ. ಅಲ್ಲಿಂದ ವಾಲ್ವ್ ಚೇಂಬರ್. ನನಗೆ ಕಣ್ಣು ತೆರೆದಿದ್ದು ಇಲ್ಲೇ. ಚೇಂಬರಿನ ಮುಚ್ಚಳ ಒಡೆದಿದೆ. ಒಳಗೆ ಅರ್ಧಕ್ಕೆ ಕೆಸರು, ಮೇಲೆ ಗುಟ್ಕಾ ಚೀಟಿ. ಅಣ್ಣ ಲುಂಗಿ ಎತ್ತಿಕಟ್ಟಿ ಒಳಗಿಳಿದು, ಕೆಸರಿನಲ್ಲಿ ಮೊಣಕೈವರೆಗೆ ಕೈ ಹಾಕಿ, ಪೈಪ್ ರೆಂಚಿನಿಂದ ವಾಲ್ವ್ ತಿರುಗಿಸಲು ನೋಡಿದರು. ಹ್ಯಾಂಡಲ್ ಇಲ್ಲ. ಎಂದೋ ಮುರಿದು ಹೋಗಿದೆ. ರೆಂಚು ಮೂರು ಸಲ ಜಾರಿತು. "ಹಿಂಗೇ ಸಾರ್, ದಿನಾ ಇದನ್ನ ತಿರುಗಿಸ್ತಾ ಕೂತ್ರೆ ಇನ್ನೆರಡು ಊರಿಗೆ ಹೋಗೋದ್ಯಾವಾಗ? ಅದಕ್ಕೇ ಅರ್ಧ ತೆಗೆದು ಬಿಟ್ಟಿರ್ತೀನಿ" ಅಂದರು.

ಎಲ್ಲ ಬೀದಿಯ ವಾಲ್ವೂ ಅರ್ಧ ತೆರೆದಿದ್ದರೆ ನೀರು ಸುಲಭದ ದಾರಿ ಹಿಡಿದು ಕೆಳಗಿನ ಬೀದಿಗೆ ಇಳಿಯುತ್ತದೆ, ಏರಿನ ಮೇಲಿರುವ ಅಜ್ಜಿ ಬೀದಿಗೆ ಗಾಳಿ ಹೋಗುತ್ತದೆ. ನೋಡಿ, ಇಷ್ಟು ದೊಡ್ಡ ಯೋಜನೆ ನಿಂತಿದ್ದು ಒಂದು ಹ್ಯಾಂಡಲ್ ಇಲ್ಲದೆ.

ಹೆಜ್ಜೆ 4: ಯಾಕೆ, ಯಾಕೆ, ಯಾಕೆ

ಐದು ಸಲ ಯಾಕೆ ಅಂತ ಕೇಳುವ ಅಭ್ಯಾಸ ಟೊಯೋಟಾ ಕಾರ್ಖಾನೆಯವರದ್ದು. ಹಳ್ಳಿಗೂ ಒಗ್ಗುತ್ತದೆ. ಕೊನೆ ಬೀದಿಗೆ ನೀರು ಯಾಕಿಲ್ಲ? ಪ್ರೆಶರ್ ಇಲ್ಲ. ಯಾಕಿಲ್ಲ? ಕೆಳಗಿನ ಬೀದಿಯವರು ಪೈಪಿಗೇ ಸಣ್ಣ ಮೋಟರ್ ಹಾಕಿ ಎಳೆಯುತ್ತಾರೆ. ಯಾಕೆ? ನೀರು ಯಾವಾಗ ಬರುತ್ತದೋ ಗೊತ್ತಿಲ್ಲ, ಬಂದಾಗ ಬೇಗ ಹಿಡಿದುಕೊಳ್ಳಬೇಕು. ಯಾಕೆ ಗೊತ್ತಿಲ್ಲ? ಕರೆಂಟಿನ ಪಾಳಿ ನೀರಗಂಟಿಗೇ ಗೊತ್ತಿಲ್ಲ. ಯಾಕೆ? ಅವರಿಗೆ ತಿಳಿಸುವುದು ತನ್ನ ಕೆಲಸ ಅಂತ ಯಾರೂ ಅಂದುಕೊಂಡಿಲ್ಲ.

ಬಂದ ಉತ್ತರಗಳನ್ನೆಲ್ಲ ಬರೆದಿಟ್ಟು, ಒಂದೊಂದರ ಮುಂದೆ ಮೂರು ಪ್ರಶ್ನೆ ಹಾಕಿ. ಇದನ್ನು ಸರಿಮಾಡುವ ಅಧಿಕಾರ ಯಾರ ಕೈಯಲ್ಲಿದೆ? ಇದಕ್ಕೆ ಒಪ್ಪಬೇಕಾದವರು ಒಪ್ಪುತ್ತಾರಾ? ಮಾಡಲು ಬೇಕಾದ ದುಡ್ಡು, ಸಾಮಾನು, ತಿಳಿವಳಿಕೆ ನಮ್ಮ ಹತ್ತಿರ ಇದೆಯಾ? ಈ ಮೂರು ಪ್ರಶ್ನೆ ನನ್ನ ಸ್ವಂತದ್ದಲ್ಲ. ಮ್ಯಾಟ್ ಆಂಡ್ರ್ಯೂಸ್, ಲ್ಯಾಂಟ್ ಪ್ರಿಚೆಟ್, ಮೈಕೆಲ್ ವುಲ್‌ಕಾಕ್ ಅನ್ನುವ ಮೂವರು ಹಾರ್ವರ್ಡ್‌ನಲ್ಲಿ ಕೂತು ಬೇರೆ ಬೇರೆ ದೇಶದ ಸರ್ಕಾರಗಳ ಜೊತೆ ಇದೇ ಕೆಲಸ ಮಾಡಿದವರು. ಬೇರೆ ಕಡೆ ಚೆನ್ನಾಗಿ ನಡೆದಿದ್ದರ ವೇಷ ಮಾತ್ರ ತಂದು ಹಾಕಿಕೊಂಡರೆ ಸರ್ಕಾರದ ಕೈಗೆ ಬಲ ಬರುವುದಿಲ್ಲ, ಎದುರಿಗಿರುವ ಸಮಸ್ಯೆಯನ್ನು ಚೂರು ಚೂರು ಬಿಡಿಸುತ್ತಾ ಹೋದರೆ ಬರುತ್ತದೆ ಅನ್ನುವುದು ಅವರ ವಾದ. ನಮ್ಮ ಪಂಚಾಯಿತಿ ಕಟ್ಟೆ ಮೇಲೆ ಕೂತ ಯಾರಾದ್ರೂ ಇದನ್ನೇ ಹೇಳುತ್ತಿದ್ದರು ಬಿಡಿ, ಆದರೂ ಮೂರು ಪ್ರಶ್ನೆಯಾಗಿ ಇಟ್ಟಿದ್ದು ಅನುಕೂಲ.

ಪಟ್ಟಿ ಮಾಡಿದಾಗ ನಮಗೆ ಸಿಕ್ಕಿದ್ದು ಹೀಗೆ. ಹ್ಯಾಂಡಲ್: ಯಾರ ಅಪ್ಪಣೆಯೂ ಬೇಡ, ದುಡ್ಡೂ ಜಾಸ್ತಿ ಇಲ್ಲ. ಕರೆಂಟಿನ ಪಾಳಿ: ಲೈನ್‌ಮ್ಯಾನ್ ಒಂದು ವಾಟ್ಸಾಪ್ ಹಾಕಿದರೆ ಸಾಕು. ಸಣ್ಣ ಮೋಟರ್ ತೆಗೆಸುವುದು: ಅಧಿಕಾರ ಪಂಚಾಯಿತಿಗಿದೆ, ಒಪ್ಪಿಗೆ ಇಲ್ಲವೇ ಇಲ್ಲ. ಇನ್ನೊಂದು ದೊಡ್ಡದು ಲೆಕ್ಕ ಹಾಕಿದಾಗ ಗೊತ್ತಾಯಿತು. 310 ಮನೆ, ಮನೆಗೆ ಐದು ಜನ ಅಂದರೆ ದಿನಕ್ಕೆ 85,250 ಲೀಟರ್ ಬೇಕು. 7 ಗಂಟೆ ಮೋಟರ್ ಓಡಿದರೆ ಬರುವುದು ಸುಮಾರು 58,000. ತಲೆಗೆ 37 ಲೀಟರ್ ಚಿಲ್ಲರೆ. ಎಷ್ಟೇ ಚೆನ್ನಾಗಿ ಹಂಚಿದರೂ 55 ಮುಟ್ಟುವುದಿಲ್ಲ. ಎರಡನೇ ಬೋರು ಕೊರೆದಿದ್ದರು, ಮೋಟರ್ ಇಳಿಸಿರಲಿಲ್ಲ. ಅದಕ್ಕೆ ನಮ್ಮ ಕೈಯಲ್ಲಿ ಅಧಿಕಾರವೂ ಇಲ್ಲ, ದುಡ್ಡೂ ಇಲ್ಲ.

ಸುಲಭದ್ದು ಮೊದಲು ಮಾಡಿ. ಜನ ನಂಬುವುದು ಅದನ್ನು ನೋಡಿಯೇ.

ಹೆಜ್ಜೆ 5: ಒಂದು ವಾರದ ಪ್ರಯೋಗ

ನಾನು ಮಾತ್ರ ಸುಲಭದ್ದನ್ನು ಬಿಟ್ಟು ಕಷ್ಟದ್ದಕ್ಕೆ ಮೊದಲು ಕೈ ಹಾಕಿದೆ. ಬೆಳಿಗ್ಗೆ ಬೆಳಿಗ್ಗೆ ಕೆಳಗಿನ ಬೀದಿಗೆ ನುಗ್ಗಿ ಎಂಟು ಮೋಟರ್ ಬಿಚ್ಚಿಸಿ ಪಂಚಾಯಿತಿಗೆ ತಂದಿಟ್ಟೆವು. ದೊಡ್ಡ ಗಲಾಟೆ. ಒಬ್ಬ ಚಿಕ್ಕಪ್ಪ ನನ್ನ ಜೊತೆ ಇವತ್ತಿಗೂ ಮಾತಾಡುವುದಿಲ್ಲ. ಒಂದು ವಾರಕ್ಕೆ ಎಂಟೂ ಮೋಟರ್ ವಾಪಸ್ ಪೈಪಿಗೆ ಕೂತಿದ್ದವು. ನೀರು ಯಾವಾಗ ಬರುತ್ತದೆ ಅಂತ ಗೊತ್ತಿಲ್ಲದ ಮನೆಯವರು ಮೋಟರ್ ಬಿಡುವುದಿಲ್ಲ. ನಾನಾದರೂ ಅದನ್ನೇ ಮಾಡುತ್ತಿದ್ದೆ.

ಆಮೇಲೆ ಬುದ್ಧಿ ಬಂತು. ವೆಲ್ಡಿಂಗ್ ಅಂಗಡಿಯಲ್ಲಿ ಉದ್ದ ಕಬ್ಬಿಣದ ರಾಡಿಗೆ 'ಟಿ' ಆಕಾರದ ಹಿಡಿ ಹಾಕಿಸಿ, ತುದಿಗೆ ವಾಲ್ವಿನ ತಲೆ ಹಿಡಿಯುವ ಚೌಕ ಕೂರಿಸಿದರು. ಮೂರು ವಾಲ್ವಿಗೂ ಅದೊಂದೇ ಸಾಕು, ನಿಂತಲ್ಲಿಂದಲೇ ತಿರುಗಿಸಬಹುದು, ಕೆಸರಿಗೆ ಇಳಿಯುವುದು ತಪ್ಪಿತು. ಐನೂರು ರೂಪಾಯಿ ಒಳಗೆ ಮುಗಿಯಿತು. ಊರನ್ನು ಮೂರು ಪಾಳಿ ಮಾಡಿ, ಒಂದೊಂದಕ್ಕೆ 40 ನಿಮಿಷ, ಸಮಯವನ್ನು ಹಾಲಿನ ಡೈರಿ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದೆವು. ಪೇಂಟ್ ಮಾಡಿಸೋಣ ಅಂದರು ಕೆಲವರು, ಬೇಡ ಅಂದೆ. ಪ್ರಯೋಗ ಅಳಿಸುವ ಹಾಗಿರಬೇಕು.

ಅಳಿಸಬೇಕಾಗಿಯೂ ಬಂತು. ಮೊದಲ ವಾರ ಕೊನೆ ಬೀದಿಗೆ ಬೆಳಿಗ್ಗೆ ಎಂಟಕ್ಕೆ ಪಾಳಿ ಕೊಟ್ಟಿದ್ದೆವು. ಆ ಬೀದಿಯ ಹೆಣ್ಣುಮಕ್ಕಳು ಗಾರ್ಮೆಂಟ್ಸ್ ವ್ಯಾನಿಗೆ ಏಳೂವರೆಗೇ ಹೊರಡುತ್ತಾರೆ. ಯಾರೂ ಅವರನ್ನು ಕೇಳಿರಲಿಲ್ಲ. ಎರಡನೇ ವಾರ ಕೊನೆ ಬೀದಿಗೇ ಮೊದಲ ಪಾಳಿ, ಬೆಳಿಗ್ಗೆ ಆರಕ್ಕೆ. ಟ್ಯಾಂಕು ತುಂಬಿರುವಾಗ ಒತ್ತಡವೂ ಜಾಸ್ತಿ ಇರುತ್ತದೆ, ಏರಿನ ಮನೆಗೆ ಅದೇ ಬೇಕು. ಕ್ಯಾನ್ ತುಂಬುವ ಹೊತ್ತು ಒಂಬತ್ತು ನಿಮಿಷದಿಂದ ನಾಲ್ಕಕ್ಕೆ ಇಳಿಯಿತು. ಎಂಟು ಮೋಟರಿನಲ್ಲಿ ಐದನ್ನು ಅವರಾಗೇ ಬಿಚ್ಚಿದರು. ಮೂರು ಇನ್ನೂ ಇವೆ.

ಅಜ್ಜಿ ಮನೆಗೆ ಆಗಲೂ ಬರಲಿಲ್ಲ. ಆ ಮನೆ ಇನ್ನೂ ಎತ್ತರದಲ್ಲಿದೆ, ಪೈಪಿನ ಕೊನೆಯಲ್ಲಿ ಸಂಪರ್ಕ ಕೊಟ್ಟ ಜಾಗವೇ ಸರಿ ಇರಲಿಲ್ಲ. ಅದನ್ನು ಬದಲಿಸಲು ಇನ್ನೂ ಮೂರು ತಿಂಗಳಾಯಿತು.

ಹೆಜ್ಜೆ 6: ಸೋಮವಾರದ ಹದಿನೈದು ನಿಮಿಷ

ವಾರಕ್ಕೊಮ್ಮೆ ನೀರಗಂಟಿ, ಪಿಡಿಒ ಮೇಡಂ, ಇಬ್ಬರು ಮೆಂಬರ್, ಕೊನೆ ಬೀದಿಯ ಒಬ್ಬರು ಸೇರಿ. ನಿಂತೇ ಮಾತಾಡಿ, ಕೂತರೆ ಟೀ ಬರುತ್ತದೆ, ಟೀ ಬಂದರೆ ರಾಜಕೀಯ ಬರುತ್ತದೆ. ಹೋದ ವಾರ ಏನು ಮಾಡಿದೆವು, ಕ್ಯಾನ್ ಎಷ್ಟು ನಿಮಿಷಕ್ಕೆ ತುಂಬಿತು, ಏನು ಅಡ್ಡ ಬಂತು, ಈ ವಾರ ಯಾರು ಏನು ಮಾಡುತ್ತಾರೆ. ಉತ್ತರಗಳನ್ನು ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಎಕ್ಸೆಲ್ ಬೇಡ, ನೀರಗಂಟಿ ಅಣ್ಣನಿಗೂ ತೆಗೆದು ನೋಡಲು ಆಗಬೇಕು.

ಯೋಜನೆಯಲ್ಲೇ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ ಅಂತ ಒಂದಿದೆ. 10ರಿಂದ 15 ಜನ, ಅರ್ಧದಷ್ಟು ಹೆಂಗಸರು ಇರಬೇಕು. ನಿಮ್ಮೂರಲ್ಲೂ ಕಾಗದದ ಮೇಲೆ ಇದ್ದೇ ಇರುತ್ತದೆ, ಹೆಸರುಗಳನ್ನು ಕೇಳಿ ನೋಡಿ. ನಮ್ಮಲ್ಲಿ ಇಬ್ಬರಿಗೆ ತಾವು ಸದಸ್ಯರು ಅಂತಲೇ ಗೊತ್ತಿರಲಿಲ್ಲ. ಊರಿಗೆ ಐದು ಹೆಂಗಸರಿಗೆ ನೀರು ಪರೀಕ್ಷೆ ಮಾಡುವ ತರಬೇತಿ ಕೊಡಬೇಕು ಅಂತಲೂ ಇದೆ. ಕಿಟ್ ಬೀರುವಿನಲ್ಲಿದ್ದರೆ ಹೊರಗೆ ತೆಗೆಸಿ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು, ಬಯಲುಸೀಮೆಯವರು ಇದನ್ನು ಬಿಡಬೇಡಿ. ಕ್ಲೋರಿನ್ ಅಳೆಯುವುದಾದರೆ ಕೊನೆಯ ಮನೆಯಲ್ಲೇ ಅಳೆಯಿರಿ, ಅಲ್ಲಿ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು.

ಹೆಜ್ಜೆ 7: ಮೇಲಿನವರ ಹತ್ತಿರ ಹೋಗುವುದು

ಎರಡನೇ ಬೋರಿಗೆ ಮೋಟರ್ ಬೇಕಲ್ಲ, ಅದಕ್ಕೆ ತಾಲ್ಲೂಕಿಗೆ ಹೋಗಲೇಬೇಕು. ಮೊದಲು ನಾವು ಎಲ್ಲರಂತೆ 'ನೀರಿನ ತೊಂದರೆ ಇದ್ದು ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ಕೋರಿಕೆ' ಅಂತ ಬರೆದೆವು. ಆ ಅರ್ಜಿಗೆ ಉತ್ತರ ಬರಲಿಲ್ಲ. ಬರುವುದಾದರೂ ಹೇಗೆ, ಸೂಕ್ತ ಕ್ರಮ ಯಾವುದು ಅಂತ ನಾವೇ ಹೇಳಿರಲಿಲ್ಲ. ಎರಡನೇ ಸಲ ಅರ್ಧ ಪುಟ: ಬೇಕಾಗಿದ್ದು 85,250, ಬರುತ್ತಿರುವುದು 58,000, ನೋಟ್‌ಬುಕ್ಕಿನ ಎಂಟು ವಾರದ ಲೆಕ್ಕದ ಜೆರಾಕ್ಸ್, ಬೋರು ಇರುವ ಸರ್ವೆ ನಂಬರ್, ಬೇಕಾಗಿರುವುದು ಮೋಟರ್ ಮತ್ತು ವಿದ್ಯುತ್ ಸಂಪರ್ಕ. ಇನ್‌ವರ್ಡ್ ನಂಬರ್ (ಅರ್ಜಿ ಬಂದಿದೆ ಅಂತ ಕಚೇರಿ ಕೊಡುವ ನಂಬರ್) ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಗೆ ಬರಬೇಡಿ.

ಹದಿನೈದು ದಿನ ಬಿಟ್ಟು ಹೋಗಿ. "ನಮ್ಮ ಕೆಲಸ ಏನಾಯ್ತು ಸಾರ್" ಅಂತ ಕೇಳಬೇಡಿ, ಉತ್ತರ "ಪ್ರೊಸೆಸ್‌ನಲ್ಲಿದೆ" ಅಂತಲೇ ಬರುತ್ತದೆ. ಈ ಎರಡು ಕೇಳಿ: ಫೈಲ್ ಈಗ ಯಾರ ಟೇಬಲ್ ಮೇಲಿದೆ? ಮುಂದಿನ ಟೇಬಲ್‌ಗೆ ಹೋಗಲು ಯಾವ ಕಾಗದ ಬೇಕು? ನಮ್ಮ ಫೈಲಿನಲ್ಲಿ ಬೋರಿನ ಇಳುವರಿ ಪರೀಕ್ಷೆಯ ವರದಿ ಇರಲಿಲ್ಲ. ಅದಿಲ್ಲದೆ ಫೈಲ್ ನಾಲ್ಕು ತಿಂಗಳು ಸುಮ್ನೆ ಮಲಗಿತ್ತು, ಯಾರೂ ದುಡ್ಡು ಕೇಳಿರಲಿಲ್ಲ, ಯಾರೂ ಬೇಕಂತ ತಡೆದಿರಲಿಲ್ಲ. ಅರ್ಧದಷ್ಟು ಸರ್ಕಾರಿ ಕೆಲಸ ನಿಲ್ಲುವುದು ಹೀಗೇ ಅಂತ ನನಗೆ ಅನ್ನಿಸುತ್ತದೆ, ಲಂಚದ ಮಾತು ಬೇರೆ.

ಇಲ್ಲಿ ತಾಲ್ಲೂಕು, ಜಿಲ್ಲಾ ಮಟ್ಟದ ಅಧಿಕಾರಿಗಳಿಗೆ ಒಂದು ಮಾತು. ಕೆಲಸ ಎಲ್ಲಿ ಸಿಕ್ಕಿಕೊಂಡಿದೆ ಅಂತ ಹುಡುಕಿ ಬಿಡಿಸುವುದು ನಮ್ಮ ರಾಜ್ಯಕ್ಕೇನು ಹೊಸದಲ್ಲ. ಜಮೀನಿನ ದಾಖಲೆಗೆ 'ಭೂಮಿ' ಯೋಜನೆ ಬಂದಾಗ ಸುಮಾರು ಎರಡು ಕೋಟಿ ಪಹಣಿ ಕಂಪ್ಯೂಟರಿಗೆ ಏರಿತು. ಅಷ್ಟೇ ಆಗಿದ್ದರೆ ಕಂಪ್ಯೂಟರ್ ಪಕ್ಕದಲ್ಲೇ ಹಳೇ ಪುಸ್ತಕ ಇಟ್ಟುಕೊಂಡು ಹಳೇ ವ್ಯಾಪಾರವೇ ನಡೆಯುತ್ತಿತ್ತು. ಕೈಬರಹದ ಪಹಣಿಗೆ ಬೆಲೆ ಇಲ್ಲ ಅಂತ ಮಾಡಿದರು, ಮೊದಲು ಬಂದ ಅರ್ಜಿ ಮೊದಲು ಅಂದರು, ಬೆರಳಚ್ಚು ಒತ್ತದೆ ಸಿಬ್ಬಂದಿ ಒಳಗೆ ಹೋಗದ ಹಾಗೆ ಮಾಡಿದರು. ಎಲ್ಲಿ ಸಿಕ್ಕಿಕೊಳ್ಳುತ್ತಿತ್ತೋ ಅಲ್ಲಿಗೇ ಕೈ ಹಾಕಿದ್ದು ಅದು. ಸರ್ಕಾರಿ ಸೇವೆ ಗಡುವಿನೊಳಗೆ ಸಿಗಲಿ ಅಂತ 2012ರಲ್ಲಿ ಶುರುವಾದ 'ಸಕಾಲ'ದಲ್ಲೂ ಅರ್ಜಿಗೆ ಒಂದು ನಂಬರ್, ಒಂದು ಗಡುವು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ. ಮೊತ್ತ ಚಿಕ್ಕದು, ಆದರೆ ಯಾರ ಹತ್ತಿರ ತಡವಾಯಿತು ಅನ್ನುವುದು ಕಾಣುತ್ತದಲ್ಲ.

ಹಾಗಾಗಿ ಸರ್, ಮೇಡಂ, ಯೋಜನೆಗಳ ಪ್ರಗತಿ ನೋಡುವ ಕೆಡಿಪಿ ಸಭೆಯಲ್ಲಿ 'ಎಷ್ಟು ಪರ್ಸೆಂಟ್ ಪ್ರಗತಿ' ಅಂತ ಕೇಳುವುದರ ಜೊತೆಗೆ 'ಕೊನೆ ಮನೆಯ ಕ್ಯಾನ್ ಎಷ್ಟು ನಿಮಿಷ' ಅಂತ ಒಮ್ಮೆ ಕೇಳಿ ನೋಡಿ. ಹೊಸ ನಮೂನೆ ಒಂದು ಕೊಡುವುದಾದರೆ ಹಳೆಯದು ಎರಡು ತೆಗೆಯಿರಿ. ತರಬೇತಿಗೆ ನೀರಗಂಟಿಗಳನ್ನು ಎಸಿ ಹಾಲಿನಲ್ಲಿ ಕೂರಿಸಿ ಪಿಪಿಟಿ ತೋರಿಸುವ ಬದಲು, ಚೆನ್ನಾಗಿ ನಡೆಸುತ್ತಿರುವ ಊರಿಗೆ ಒಂದು ಬೆಳಿಗ್ಗೆ ಕಳಿಸಿ. ನಮ್ಮ ಅಣ್ಣನ 'ಟಿ' ರಾಡು ನೋಡಿಕೊಂಡು ಹೋಗಿ ಪಕ್ಕದ ಪಂಚಾಯಿತಿಯವರು ನಾಲ್ಕು ಮಾಡಿಸಿದರು, ಯಾವ ಸುತ್ತೋಲೆಯೂ ಬೇಕಾಗಲಿಲ್ಲ.

1983ರಲ್ಲಿ ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮಂತ್ರಿ ಆದ ಅಬ್ದುಲ್ ನಜೀರ್ ಸಾಬ್ ಅವರನ್ನು ಜನ 'ನೀರ್ ಸಾಬ್' ಅಂತ ಕರೆದಿದ್ದು ಊರೂರಿಗೆ ಬೋರ್‌ವೆಲ್ ಕೊರೆಸಿದ್ದಕ್ಕೆ. ಆದರೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಕಾನೂನು ತಂದು ಅಧಿಕಾರ ಕೆಳಗೆ ಇಳಿಸಿದವರೂ ಅವರೇ. ಬೋರಿನ ಜೊತೆ ಅಧಿಕಾರವನ್ನೂ ಊರಿಗೆ ಕೊಟ್ಟರಲ್ಲ, ನನಗೆ ಅದೇ ದೊಡ್ಡದಾಗಿ ಕಾಣುತ್ತದೆ.

ಹೆಜ್ಜೆ 8: ದುಡ್ಡು

ಚಿಕ್ಕದಾಗಿ ಹೇಳುತ್ತೇನೆ. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ 60 ಪರ್ಸೆಂಟ್ ನಿರ್ಬಂಧಿತ, ಅಂದರೆ ಹೇಳಿದ ಕೆಲಸಕ್ಕೇ ಖರ್ಚು ಮಾಡಬೇಕಿತ್ತು, ಅದರಲ್ಲಿ ಅರ್ಧ ಕುಡಿಯುವ ನೀರು, ಮಳೆನೀರು ಕೊಯ್ಲಿಗೆ. ಅದು ಎಲ್ಲಿ ಖರ್ಚಾಯಿತು ಅಂತ ಜಮಾಬಂದಿ ದಿನ ಕೇಳಿ, ಅದಕ್ಕಾಗಿಯೇ ಇರುವ ಸಭೆ ಅದು. ನೀರಿನ ಕರ ವಸೂಲಿ ನೀರು ಬರುವ ಮುಂಚೆ ಶುರುಮಾಡಬೇಡಿ. ನಾವು ಪಾಳಿ ಸರಿಹೋದ ಮೇಲೆ ಕೇಳಿದೆವು, ಕೊನೆ ಬೀದಿಯವರೇ ಮೊದಲು ಕಟ್ಟಿದರು. ಬಂದ ದುಡ್ಡಿನಲ್ಲಿ ಮೊದಲ ಖರ್ಚು ನೀರಗಂಟಿಯ ಬಾಕಿ ಸಂಬಳ. ಅವರಿಗೆ ತಿಂಗಳುಗಟ್ಟಲೆ ಸಂಬಳ ಕೊಡದೆ ಆರು ಗಂಟೆಗೆ ಸರಿಯಾಗಿ ವಾಲ್ವ್ ತಿರುಗಿಸು ಅನ್ನಲು ಯಾವ ಬಾಯಿ ಇದೆ ನಮಗೆ?

ಕೊನೆಯದು: ನೋಟ್‌ಬುಕ್ ಯಾರಿಗೆ

ಪಿಡಿಒ ಮೇಡಂ ವರ್ಗ ಆದರು. ಹೊಸಬರು ಬಂದ ದಿನವೇ ನೋಟ್‌ಬುಕ್ ಹಿಡಿದುಕೊಂಡು ಹೋಗಿ, ಅವರನ್ನೂ ಟಿವಿಎಸ್ ಹಿಂದೆ ಕೂರಿಸಿ ಬೋರಿನಿಂದ ಕೊನೆ ಮನೆವರೆಗೆ ಒಂದು ಸುತ್ತು ಹೊಡೆಸಿದೆವು. ಚಾರ್ಜ್ ತೆಗೆದುಕೊಳ್ಳುವ ಪಟ್ಟಿಯಲ್ಲಿ ಕುರ್ಚಿ, ಬೀರು, ಕಂಪ್ಯೂಟರ್ ಎಲ್ಲ ಇರುತ್ತದೆ, ಇದು ಇರುವುದಿಲ್ಲ. ನೀವೇ ಸೇರಿಸಬೇಕು. ಒಬ್ಬರ ಹತ್ತಿರ ಮಾತ್ರ ಇಡಬೇಡಿ, ನಮ್ಮದು ಈಗ ಸಮಿತಿಯ ಒಬ್ಬ ಅಕ್ಕನ ಮನೆಯಲ್ಲಿದೆ. ನೀರು ಪರೀಕ್ಷೆ ಮಾಡುವವರೂ ಅವರೇ.

ಎರಡನೇ ಬೋರಿನ ಮೋಟರ್ ಬಂತು. ಅಜ್ಜಿ ಮನೆಗೂ ನೀರು ಬರುತ್ತದೆ, ಮೇಕೆಯನ್ನು ಈಗಲೂ ಅಲ್ಲೇ ಕಟ್ಟುತ್ತಾರೆ, ನೀರು ಹಿಡಿಯುವಾಗ ಮಾತ್ರ ಬಿಚ್ಚಿ ಪಕ್ಕಕ್ಕೆ ಕಟ್ಟುತ್ತಾರೆ.

ಹೋದ ವಾರ ಅಕ್ಕ ಬೆಳಿಗ್ಗೆ ಆರೂಕಾಲಿಗೆ ಒಂದು ಫೋಟೋ ಕಳಿಸಿದ್ದರು. ನಲ್ಲಿ ಕೆಳಗೆ ಕ್ಯಾನು, ಪಕ್ಕದಲ್ಲಿ ಇನ್ನೊಂದು ಮೊಬೈಲು, ಸ್ಟಾಪ್‌ವಾಚಿನಲ್ಲಿ 6 ನಿಮಿಷ 10 ಸೆಕೆಂಡ್. "ಹೋದ ಸೋಮವಾರ ನಾಲ್ಕಿತ್ತು. ಯಾಕಿರಬಹುದು ತಮ್ಮಾ?" ಅಂತ ಕೇಳಿದ್ದರು. ಚೇಂಬರ್ ನೋಡಿದ್ರಾ ಅಕ್ಕಾ ಅಂತ ಬರೆದೆ. "ಅಲ್ಲಿಗೇ ಹೋಗ್ತಿದೀನಿ" ಅಂದರು.